ಹಳೆಯ ಹಿತ್ತಾಳೆ ವಾದ್ಯಗಳು : ಸಂಗ್ರಹ ಮತ್ತು ಜೀರ್ಣೋದ್ಧಾರ

ಜೀರ್ಣವಾದುದನ್ನು ಉದ್ಧರಿಸುವುದು ಸತ್ಕಾರ್ಯವೆಂಬುದು ಸರ್ವಸಮ್ಮತ. ಆದರೆ ಯುರೋಪಿನ ಹಳೆಯ ಹಿತ್ತಾಳೆ ವಾದ್ಯಗಳ ಮಟ್ಟಿಗೆ ಉದ್ಧಾರದ ಹೆಸರಿನಲ್ಲಿಯೇ ಎಷ್ಟೋ ನಾಶ ನಡೆದಿದೆ.

ಆಫಿಕ್ಲೈಡ್ ಎಂಬ ವಾದ್ಯವನ್ನು ನೋಡಬಹುದು. ಪ್ಯಾರಿಸ್ಸಿನ ಅಲಾರಿ ಎಂಬ ಕುಶಲಕರ್ಮಿ 1817ರಲ್ಲಿ ರೂಪಿಸಿ, 1821ರಲ್ಲಿ ಹಕ್ಕುಪತ್ರ ಪಡೆದ ಮಂದ್ರಸ್ವರದ ಕಹಳೆಯಿದು. ಮಡಿಸಿದ ಕೊಳವೆಯ ಮೈಯಲ್ಲಿ ರಂಧ್ರಗಳು. ಅವನ್ನು ಮುಚ್ಚಿ ತೆರೆಯಲು ಕೀಲಿಗಳು. ಬೆರ್ಲಿಯೋಜ್ 1830ರ ತನ್ನ ‘ಸಿಂಫನಿ ಫ್ಯಾಂಟಾಸ್ಟಿಕ್’ ಕೃತಿಯಲ್ಲಿ ಇದಕ್ಕೆ ಸ್ಥಾನವಿತ್ತನು. 1835ರಲ್ಲಿ ಬರ್ಲಿನ್ನಿನಲ್ಲಿ ಕವಾಟಗಳುಳ್ಳ ಟ್ಯೂಬಾ ಹುಟ್ಟಿದ ಬಳಿಕ ಆಫಿಕ್ಲೈಡ್ ಕ್ರಮೇಣ ಮೂಲೆ ಸೇರಿತು. ಹೀಗೆ ಮೂಲೆ ಸೇರಿದವನ್ನು ಹುಡುಕಿ ತಂದವರು ಸಂಗ್ರಾಹಕರು.

ಅಂಥವರಲ್ಲಿ ಬ್ರಸೆಲ್ಸಿನ ವಿಕ್ಟರ್ ಮಾಹಿಯೋನ್ ಅಗ್ರಗಣ್ಯನು. ವಾದ್ಯ ತಯಾರಕರ ಮನೆತನದ ಈತನು 1877ರಲ್ಲಿ ಸ್ಥಾಪಿತವಾದ ಅಲ್ಲಿಯ ವಾದ್ಯಸಂಗ್ರಹಾಲಯದ ಮೊದಲ ಪಾಲಕನಾದನು. ಕಲ್ಕತ್ತೆಯ ಶೌರೀಂದ್ರಮೋಹನ ಠಾಕೂರರು 1876ರಲ್ಲಿ ಬೆಲ್ಜಿಯಂ ದೊರೆಗೆ ಕಾಣಿಕೆಯಿತ್ತ ಸುಮಾರು ನೂರು ಭಾರತೀಯ ವಾದ್ಯಗಳೂ ಈ ಸಂಗ್ರಹದ ತಳಹದಿಯಲ್ಲಿವೆಯೆಂಬುದು ನಮ್ಮವರು ಮರೆಯಬಾರದ ಸಂಗತಿ. ಮಾಹಿಯೋನನು ಅಲ್ಲಿಯೇ ಕಾರ್ಯಾಗಾರವನ್ನು ತೆರೆದು, ಕೆಟ್ಟ ವಾದ್ಯಗಳನ್ನು ದುರಸ್ತಿ ಮಾಡಿಸಿದುದಲ್ಲದೆ, ಅನ್ಯರಲ್ಲಿದ್ದ ಅಪೂರ್ವ ವಾದ್ಯಗಳ ಪ್ರತಿಕೃತಿಗಳನ್ನೂ ಮಾಡಿಸಿದನು. ಈ ಎರಡನೆಯ ಕಾರ್ಯವೇ ಹೆಚ್ಚು ದೂರದರ್ಶಿಯಾದುದೆನ್ನಬೇಕು.

ಏಕೆಂದರೆ ದುರಸ್ತಿಯ ಅಪಾಯಗಳು ಸೂಕ್ಷ್ಮವಾದವು. ಇಂಥ ವಾದ್ಯದ ತಗಡು ಬಹಳ ತೆಳು. ನೆಗ್ಗನ್ನು ಬಡಿದು ತೆಗೆದಾಗ ಲೋಹ ಹಿಗ್ಗುತ್ತದೆ. ಯಂತ್ರದಿಂದ ಉಜ್ಜಿ ಬೆಳಗಿದಂತೆಲ್ಲ ಸವೆಯುತ್ತದೆ. ಬಾಯಂಚಿನಲ್ಲಿ ಕೊರೆದ ತಯಾರಕನ ಹೆಸರೂ ಊರೂ ಮಾಸುತ್ತವೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಊದುವವನ ಉಸಿರಿನ ತೇವದಿಂದ ಸತು ಕರಗಿಹೋಗಿ, ಕೆಂಪಗೆ ಪೊಳ್ಳಾದ ತಾಮ್ರವಷ್ಟೇ ಉಳಿಯುವುದುಂಟು. ಅಂಥ ಕಡೆ ಸುತ್ತಿಗೆ ತಾಗಿದರೆ ತೂತೇ ಗತಿ. ಬೆಳಗುವ ಕೆಲವು ದ್ರಾವಣಗಳಲ್ಲಿರುವ ಅಮೋನಿಯವೂ ಶತ್ರುವೇ. ಬ್ರಿಟಿಷ್ ಭಾರತದಲ್ಲಿ ಕುದುರೆಲಾಯಗಳ ಬಳಿ ಇರಿಸಿದ್ದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಲೋಹದೊಳಗಿನ ಬಿಗಿತಕ್ಕೆ ಲಾಯದ ಅಮೋನಿಯ ಸೇರಿದುದೇ ಕಾರಣವೆಂದು 1921ರಲ್ಲಿ ಸ್ಪಷ್ಟವಾಯಿತು. ಬಡಿದು ರೂಪಿಸಿದ ಕಹಳೆಗೂ ಇದೇ ಭಯವಿದೆ.

ಇವೆಲ್ಲಕ್ಕಿಂತ ಮಿಗಿಲಾದ ಹಾನಿ ಶ್ರುತಿಯ ತಿದ್ದುಪಡಿ. ಇಂಗ್ಲೆಂಡಿನ ಹಿತ್ತಾಳೆ ಬ್ಯಾಂಡುಗಳು 1960ರ ದಶಕದವರೆಗೂ ಏರುಶ್ರುತಿಯನ್ನೇ ಬಳಸುತ್ತಿದ್ದವು. ಶ್ರುತಿ ಇಳಿದಾಗ ಎಷ್ಟೋ ವಾದ್ಯಗಳ ನಾಳಗಳನ್ನು ಉದ್ದಗೊಳಿಸಲಾಯಿತು. ವಾದ್ಯವೇನೋ ಬಳಕೆಗೆ ಬಂತು. ಅದರ ಮೂಲಸ್ವರ ಹೋಯಿತು. ಓಲೆಗರಿಯ ಪಾಠ ಅರ್ಥವಾಗಲಿಲ್ಲವೆಂದು ಮೂಲಾಕ್ಷರವನ್ನೇ ಕೆರೆದು ಹೊಸದನ್ನು ಬರೆದಂತಾಯಿತು.

ಆದುದರಿಂದ ಇಂದಿನ ಬಲ್ಲವರು ಮೊದಲು ಅಳೆಯುತ್ತಾರೆ, ಚಿತ್ರ ತೆಗೆದಿಡುತ್ತಾರೆ. ಮುಂದೆ ಬಿಡಿಸಲು ಬರುವಂಥ ಜೋಡಣೆಯನ್ನಷ್ಟೇ ಮಾಡಿ, ಮಾಡಿದ್ದನ್ನೆಲ್ಲ ಬರೆದಿಡುತ್ತಾರೆ. ಹಾಗೆಂದು ಎಲ್ಲವನ್ನೂ ಗಾಜಿನೊಳಗಿಟ್ಟು ಮೂಕವಾಗಿಸಬೇಕೆ? ಬೆರ್ಲಿಯೋಜನ ಆ ಕೃತಿಯನ್ನು 1991ರಲ್ಲಿ ಜಾನ್ ಎಲಿಯಟ್ ಗಾರ್ಡಿನರನ ವಾದ್ಯವೃಂದವು, ಅದರ ಪ್ರಥಮ ಪ್ರದರ್ಶನ ನಡೆದ ಪ್ಯಾರಿಸ್ಸಿನ ಸಭಾಂಗಣದಲ್ಲಿಯೇ ನುಡಿಸಿ ಧ್ವನಿಮುದ್ರಿಸಿತು. ಟ್ಯೂಬಾದ ಸ್ಥಾನದಲ್ಲಿ ಅಂದು ಆಫಿಕ್ಲೈಡ್ ಮೊಳಗಿತು.