ಕೊತ್ತಂಬರಿಯ ಕಾಡು ನೆಂಟರು: ಹೊಸ ಸಸ್ಯಕ್ಕೆ ಹೆಸರು ಇಡೋದು ಹೇಗೆ?

ಅಂಕೋಲಾ: "ಪಶ್ಚಿಮ ಘಟ್ಟದಲ್ಲಿ ಹೊಸ ಸಸ್ಯ ಪತ್ತೆ" ಅನ್ನೋ ಸುದ್ದಿ ಆಗಾಗ ಬರ್ತಾನೇ ಇರುತ್ತೆ. ಓದಿದವರು ಕೇಳೋದು ಒಂದೇ ಪ್ರಶ್ನೆ: ಗಿಡ ಮೊದಲಿಂದಲೂ ಅಲ್ಲೇ ಇತ್ತಲ್ಲ, ಹೊಸದು ಹೇಗಾಯ್ತು? ಪ್ರಶ್ನೆ ಸರಿಯಾಗೇ ಇದೆ. ಉತ್ತರಕ್ಕೆ ಕ್ಯಾರೆಟ್ ಕುಟುಂಬದಷ್ಟು ಒಳ್ಳೆ ಉದಾಹರಣೆ ಇನ್ನೊಂದು ಸಿಗೋದು ಕಷ್ಟ. ಯಾಕಂದ್ರೆ ಆ ಕುಟುಂಬದ ಅರ್ಧ ಸಂಸಾರ ನಮ್ಮ ಕಿರಾಣಿ ಅಂಗಡಿಯ ಡಬ್ಬಿಗಳಲ್ಲೇ ಇದೆ.

ಜೀರಿಗೆ, ಕೊತ್ತಂಬರಿ, ಓಮ, ಬಡೆಸೋಪು, ಸಬ್ಬಸಿಗೆ, ಇಂಗು ಎಲ್ಲವೂ ಕ್ಯಾರೆಟ್ಟಿನ ನೆಂಟರೇ. ಸಂತೆಯಲ್ಲಿ ಹಾಲಕ್ಕಿ ಮಹಿಳೆಯರು ಕಟ್ಟು ಕಟ್ಟಿ ಮಾರುವ ಒಂದೆಲಗ ಕೂಡ ಇದೇ ಕುಟುಂಬದ್ದು. ಪ್ರಪಂಚದಲ್ಲಿ ಈ ಕುಟುಂಬದ ಸುಮಾರು 3,800 ಜಾತಿಗಳಿವೆ. ಹೆಸರು ನೋಡಿ ಮಾತ್ರ ನಂಬಬೇಡಿ. ಕರಿಜೀರಿಗೆಗೆ ಜೀರಿಗೆ ಅನ್ನೋ ಹೆಸರಿದ್ದರೂ ಕುಟುಂಬ ಬೇರೆ. ದೊಡ್ಡಪತ್ರೆಗೆ ಓಮದ ವಾಸನೆ ಇದ್ದರೂ ಅದು ತುಳಸಿ, ಪುದೀನ ಕಡೆಯದು.

ಗುರುತಿಸೋದು ಹೂವಿನಿಂದ. ಹಿತ್ತಲಲ್ಲಿ ಕೊತ್ತಂಬರಿ ಬಲಿತು ಹೂ ಬಿಟ್ಟಿದ್ದನ್ನು ನೋಡಿದ್ದೀರಲ್ಲ? ಒಂದೇ ಜಾಗದಿಂದ ಕಡ್ಡಿಗಳು ಹೊರಟು, ತುದಿಯಲ್ಲಿ ಸಣ್ಣ ಹೂಗಳು ಸೇರಿ ಬಿಚ್ಚಿದ ಛತ್ರಿಯ ಹಾಗೆ ಕಾಣುತ್ತೆ. ಕುಟುಂಬ ಗೊತ್ತಾಗೋಕೆ ಇಷ್ಟು ಸಾಕು. ಜಾತಿ ಯಾವುದು ಅಂತ ಹೇಳೋಕೆ ಕಾಯಿ ಬೇಕು.

ನಾವು ಜೀರಿಗೆ ಕಾಳು ಅನ್ನೋದು ನಿಜಕ್ಕೂ ಬೀಜ ಅಲ್ಲ, ಒಣಗಿದ ಕಾಯಿ. ಅಂಗಡಿಯವರು ಬಿಡುವಿದ್ದಾಗ ಒಂದು ಕೊತ್ತಂಬರಿ ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, ಸರಿಯಾಗಿ ಎರಡು ಹೋಳಾಗುತ್ತೆ. ಈ ಕುಟುಂಬದ ಕಾಯಿಗಳ ಕಟ್ಟಡವೇ ಹಾಗೆ. ಬಡೆಸೋಪಿನ ಮೇಲೆ ಉದ್ದಕ್ಕೆ ಏಣುಗಳು ಕಾಣುತ್ತವೆ. ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏಣುಗಳ ನಡುವೆ ಎಣ್ಣೆ ತುಂಬಿದ ಸಣ್ಣ ಕೊಳವೆಗಳು. ನಮಗೆ ಬರುವ ಪರಿಮಳ ಅಲ್ಲಿಂದ. ಏಣು ಎಷ್ಟು, ಅಂಚಿಗೆ ರೆಕ್ಕೆ ಇದೆಯೋ ಇಲ್ಲವೋ, ಎಣ್ಣೆ ಕೊಳವೆ ಎಲ್ಲಿಯವರೆಗೆ ಬಂದಿದೆ ಅನ್ನೋದರ ಮೇಲೆ ಒಂದು ಜಾತಿ ಇನ್ನೊಂದರಿಂದ ಬೇರೆಯಾಗುತ್ತೆ. ಹೂವಿನ ಚೆಂದದ ಫೋಟೊ ಒಂದನ್ನೇ ಹಿಡಿದುಕೊಂಡು ಹೋದರೆ ಸಸ್ಯಶಾಸ್ತ್ರಜ್ಞರು "ಕಾಯಿ ಎಲ್ಲಿ?" ಅಂತ ಕೇಳ್ತಾರೆ.

ನಮ್ಮ ಸಹ್ಯಾದ್ರಿಯದೇ ಕಥೆ ಒಂದಿದೆ. ಮಹಾರಾಷ್ಟ್ರದ ಕಡೆ ಮಳೆಗಾಲದಲ್ಲಿ ಗುಡ್ಡದ ಹಾಸುಗಲ್ಲಿನ ಮೇಲೆ ಬಿಳಿ ಛತ್ರಿ ಹೂ ಬಿಡುವ, ಅಡಿಯಲ್ಲಿ ಗೆಡ್ಡೆ ಇರುವ ಗಿಡವೊಂದನ್ನು ಅಲ್ಲಿಯ ಜನ 'ಪಿಂಡಾ' ಅಂತಾರೆ. ಹೂವಿಗೆ ಹೆಸರಾದ ಕಾಸ್ ಪ್ರಸ್ಥಭೂಮಿಯಲ್ಲೂ ಇದು ಸಿಗುತ್ತೆ. ಮುಂಬೈ ಪ್ರಾಂತ್ಯದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಎನ್.ಎ. ಡಾಲ್ಜೆಲ್ 1850ರಲ್ಲಿ ಇದನ್ನು ವಿವರಿಸಿ, ಹೆರಾಕ್ಲಿಯಮ್ ಅನ್ನೋ ಕುಲಕ್ಕೆ ಸೇರಿಸಿ, ಕೊಂಕಣದ ಹೆಸರು ಕೊಟ್ಟರು. 136 ವರ್ಷ ಅದೇ ಹೆಸರು ನಡೆಯಿತು. 1986ರಲ್ಲಿ ಪಿ.ಕೆ. ಮುಖರ್ಜಿ ಮತ್ತು ಅಮೆರಿಕದ ಲಿಂಕನ್ ಕಾನ್‌ಸ್ಟನ್ಸ್ ಇದಕ್ಕೆ ಬೇರೆ ಕುಲವೇ ಬೇಕು ಅಂತ ತೀರ್ಮಾನಿಸಿದರು. ಹೊಸ ಕುಲಕ್ಕೆ ಇಟ್ಟ ಹೆಸರು 'ಪಿಂಡಾ'. ಹಳ್ಳಿ ಜನರ ಬಾಯಿಮಾತು ಪ್ರಪಂಚದ ಪುಸ್ತಕಕ್ಕೆ ಹೋಯಿತು! ಆಗ ಆ ಕುಲದಲ್ಲಿ ಇದ್ದದ್ದು ಇದೊಂದೇ ಜಾತಿ. ಇತ್ತೀಚೆಗೆ ಮಹಾರಾಷ್ಟ್ರದ ಸಹ್ಯಾದ್ರಿಯಿಂದಲೇ ಎರಡನೆಯದು ಸೇರಿತು. ಕೊಲ್ಲಾಪುರದ ಹಿರಿಯ ಸಸ್ಯಶಾಸ್ತ್ರಜ್ಞ ಶ್ರೀರಂಗ ಯಾದವ್ ಅವರ ಗೌರವಕ್ಕೆ ಅದಕ್ಕೆ 'ಪಿಂಡಾ ಶ್ರೀರಂಗಿ' ಅಂತ ಹೆಸರು.

ನಮ್ಮ ಜಿಲ್ಲೆಯೂ ಹಿಂದೆ ಬಿದ್ದಿಲ್ಲ, ಕುಟುಂಬ ಮಾತ್ರ ಬೇರೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗು ಕಾಡಿನಲ್ಲಿ ಸಿಕ್ಕ ಗೇರು ಕುಟುಂಬದ ಮರವೊಂದು 2000ರಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. 2020ರಲ್ಲಿ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ಕುಮಟಾದಲ್ಲಿ ಸಿಕ್ಕ ಸಣ್ಣ ಗಿಡಕ್ಕೆ 'ಎರಿಯೋಕಾಲನ್ ಕರಾವಳೆನ್ಸೆ' ಅಂದರು. ನಮ್ಮ ಕರಾವಳಿಯೇ ಅದರ ಹೆಸರಲ್ಲಿದೆ. ಅವರೇನು ಹೊಸ ಗಿಡ ಹುಡುಕಬೇಕು ಅಂತ ಹೊರಟಿರಲಿಲ್ಲ. ಬೇರೆ ಅಧ್ಯಯನಕ್ಕೆ ತಂದಿದ್ದ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಇದರ ಹೂವಿನ ಲಕ್ಷಣ ಉಳಿದವಕ್ಕೆ ತಾಳೆಯಾಗಲಿಲ್ಲ, ಅಷ್ಟೇ.

ಹಾಗಾದರೆ 'ಹೊಸದು' ಅಂದ್ರೆ ಬರಹದ ಲೆಕ್ಕಕ್ಕೆ ಹೊಸದು. ಹಳೆಯ ಪುಸ್ತಕ, ಹಳೆಯ ಒಣ ಮಾದರಿ ಎಲ್ಲದಕ್ಕೂ ಹೋಲಿಸಿ, ಯಾವುದಕ್ಕೂ ಹೊಂದಲ್ಲ ಅಂತ ಸಾಬೀತು ಮಾಡಬೇಕು. ನಮ್ಮ ಭಾಗದ ಹಳೆಯ ಮಾದರಿಗಳಿಗೇನೂ ಕೊರತೆ ಇಲ್ಲ. ಅರಣ್ಯಾಧಿಕಾರಿ ಡಬ್ಲ್ಯು.ಎ. ಟಾಲ್ಬಟ್, ಕಾರವಾರದಲ್ಲೇ ನೆಲೆಸಿದ ಟಿ.ಆರ್. ಬೆಲ್ ಮುಂತಾದವರು ನೂರು ವರ್ಷದ ಹಿಂದೆಯೇ ಈ ಜಿಲ್ಲೆಯ ಕಾಡು ಸುತ್ತಿದವರು. ಹೋಲಿಕೆ ಮುಗಿದ ಮೇಲೆ ಒಂದು ಮಾದರಿಯನ್ನು ಒಣಗಿಸಿ, ಸಿಕ್ಕ ಜಾಗ ಮತ್ತು ದಿನಾಂಕ ಬರೆದು, ಮಾನ್ಯತೆ ಪಡೆದ ಸಸ್ಯಸಂಗ್ರಹಾಲಯಕ್ಕೆ ಕೊಡಬೇಕು. ಮುಂದೆ ಯಾರಿಗೇ ಸಂಶಯ ಬಂದರೂ ಆ ಒಂದು ಹಾಳೆಯೇ ಮೂಲ ದಾಖಲೆ, ಜಮೀನಿಗೆ ಮೂಲಪತ್ರ ಇದ್ದ ಹಾಗೆ. ಕೊನೆಗೆ ವಿವರಣೆ ಪ್ರಕಟವಾಗಬೇಕು. ಮೊದಲು ಲ್ಯಾಟಿನ್ನಲ್ಲೇ ಬರೆಯಬೇಕಿತ್ತು, 2012ರಿಂದ ಇಂಗ್ಲಿಷ್ ಆದರೂ ನಡೆಯುತ್ತೆ.

ಇಷ್ಟೆಲ್ಲ ಉಸಾಬರಿ ಯಾಕೆ ಅಂತ ಕೇಳೋರಿಗೆ ಒಂದೆಲಗವೇ ಉತ್ತರ. ಕೆಲವರು ಅದನ್ನು ಬ್ರಾಹ್ಮಿ ಅಂತಾರೆ. ಇನ್ನು ಕೆಲವರಿಗೆ ಬ್ರಾಹ್ಮಿ ಅಂದ್ರೆ ನೀರುಬ್ರಾಹ್ಮಿ, ಅದು ಪೂರ್ತಿ ಬೇರೆ ಗಿಡ. ಒಂದೇ ಹೆಸರಿನಲ್ಲಿ ಎರಡು ಸೊಪ್ಪು. ವೈಜ್ಞಾನಿಕ ಹೆಸರಿದ್ದರೆ ಈ ಗೊಂದಲ ಇರಲ್ಲ. ಹೆಸರಿನ ಬೆಲೆ ಅಂಕೋಲಾದವರಿಗೆ ಬೇರೆ ಹೇಳಬೇಕಿಲ್ಲ. ನಮ್ಮ ಕರಿ ಈಶಾಡ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಬಂದಾಗ ಖುಷಿಪಟ್ಟವರಲ್ಲವೇ ನಾವು?

ಕಾಡು ಗಿಡದ ವಿಷಯದಲ್ಲಿ ಹೆಸರಿಗೆ ಇನ್ನೂ ಹೆಚ್ಚಿನ ತೂಕ. ಹೆಸರಿಲ್ಲದ ಗಿಡ ಅಳಿವಿನಂಚಿನ ಪಟ್ಟಿಗೆ ಸೇರಲ್ಲ, ಯಾವ ಯೋಜನೆಯ ಪರಿಸರ ವರದಿಯಲ್ಲೂ ಕಾಣಲ್ಲ. ಅಲಗೇರಿ ವಿಮಾನ ನಿಲ್ದಾಣ, ಕೇಣಿ ಬಂದರು, ಹುಬ್ಬಳ್ಳಿ-ಅಂಕೋಲಾ ರೈಲು, ಇವುಗಳ ಪರ-ವಿರೋಧ ಇಲ್ಲಿ ಚರ್ಚೆ ಬೇಡ. ಆದರೆ ಗುಡ್ಡ ಮುಟ್ಟುವ ಯಾವುದೇ ಕೆಲಸಕ್ಕೆ, ಚಿರೆಕಲ್ಲು ಕ್ವಾರಿಯೂ ಸೇರಿ, ಒಂದು ಮಾತು ಅನ್ವಯಿಸುತ್ತೆ: ಸಸ್ಯ ಸಮೀಕ್ಷೆ ಮಳೆಗಾಲದಲ್ಲಿ ಆಗಬೇಕು. ಪಿಂಡಾದಂಥ ಗೆಡ್ಡೆ ಗಿಡಗಳು ಮಳೆಗೆ ಚಿಗುರಿ, ಮಳೆ ನಿಂತ ಕೆಲವು ವಾರಕ್ಕೆ ಒಣಗಿ ಹೋಗ್ತಾವೆ. ಏಪ್ರಿಲ್‌ನಲ್ಲಿ ಬಂದವರಿಗೆ ಕಾಣೋದು ಕೆಂಪು ಕಲ್ಲು, ಒಣ ಹುಲ್ಲು. ಅವರು "ಬರಡು ಜಾಗ" ಅಂತ ಬರೆದುಕೊಂಡು ಹೋದರೆ ಗೆಡ್ಡೆ ಬಂದು ಸಾಕ್ಷಿ ಹೇಳಲ್ಲ.

ಅಡವಿಯ ಗಿಡಮರಗಳ ಬಗ್ಗೆ ತಿಳಿದವರು ನಮ್ಮಲ್ಲೇ ಇದ್ದಾರೆ. ಪದ್ಮಶ್ರೀ ಪಡೆದ ಹೊನ್ನಳ್ಳಿಯ ತುಳಸಿ ಗೌಡರನ್ನು ಕಾಡಿನ ವಿಶ್ವಕೋಶ ಅಂತಲೇ ಕರೀತಿದ್ದರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಮನೆಯಲ್ಲಿ ಅಜ್ಜಿಯರಿದ್ದರೆ ಯಾವ ಗಿಡಕ್ಕೆ ಏನಂತಾರೆ ಅಂತ ಈಗಲೇ ಕೇಳಿ ಬರೆದಿಡಿ.

ಈ ಮಳೆಗಾಲದಲ್ಲಿ ಬೇಣದಲ್ಲೋ ಗುಡ್ಡದ ಹಾಸುಗಲ್ಲಿನ ಮೇಲೋ ಅಪರಿಚಿತ ಛತ್ರಿ ಹೂ ಕಂಡರೆ ಕೀಳಬೇಡಿ. ಬುಡದ ಎಲೆ, ಹೂವು ಮತ್ತು ಇಡೀ ಗಿಡದ ಫೋಟೊ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ. ಕೆಲವು ವಾರ ಬಿಟ್ಟು ಹೋಗಿ ಕಾಯಿಯ ಫೋಟೊವನ್ನೂ ತನ್ನಿ. ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ಉಪನ್ಯಾಸಕರಿಗೆ ತೋರಿಸಿದರೆ ಮುಂದಿನ ದಾರಿ ಅವರು ಹೇಳ್ತಾರೆ. ಕೊತ್ತಂಬರಿ ವಾಸನೆ ಬಂತು ಅಂತ ಬಾಯಿಗೆ ಹಾಕೋದು ಮಾತ್ರ ಬೇಡವೇ ಬೇಡ. ಗ್ರೀಸ್‌ನ ಸಾಕ್ರಟೀಸ್‌ಗೆ ಕುಡಿಸಿದ ಹೆಮ್ಲಾಕ್ ವಿಷವೂ ಇದೇ ಕುಟುಂಬದ ಗಿಡದ್ದು.