ಚಾವಣಿ ಹತ್ತಿ ಇಳಿದ ಮೇಲೆ ರೇಟಿನ ಮಾತು

ಅಮೆರಿಕದಲ್ಲಿ ಚೌಕಾಸಿಯೇ ಇಲ್ಲ, ಎಲ್ಲ ಫಿಕ್ಸೆಡ್ ರೇಟು ಎಂದು ರಜೆಗೆ ಊರಿಗೆ ಬಂದವರು ಹೇಳುವುದುಂಟು. ಅವರು ಕಾಸ್ಟ್‌ಕೊ, ವಾಲ್‌ಮಾರ್ಟ್ ದಾಟಿ ಹೋದವರಲ್ಲ ಎಂದು ತಿಳಿದುಕೊಳ್ಳಿ. ಮನೆ, ಕಾರು, ಗರಾಜ್ ಸೇಲ್‌ನ ಹಳೇ ಕುರ್ಚಿ ಎಲ್ಲಕ್ಕೂ ಅಲ್ಲಿ ಕೊಸರಾಟ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ವಿಷಯದಲ್ಲಂತೂ ಹೇಳಿದ ರೇಟಿಗೇ ದುಡ್ಡು ಎಣಿಸಿಕೊಟ್ಟರೆ ಮಾರಿದವನಿಗೇ ಇನ್ನಷ್ಟು ಹೇಳಬೇಕಿತ್ತೇನೋ ಅನ್ನಿಸುತ್ತದೆ.

ಮೋಟರ್‌ಹೋಮ್ ಅಂದರೆ ಒಲೆ, ಫ್ರಿಜ್, ಹಾಸಿಗೆ, ಶವರ್, ಟಾಯ್ಲೆಟ್ ಎಲ್ಲ ಇರುವ ಮನೆಯೇ ಒಂದು ಎಂಜಿನ್ ಮೇಲೆ ಕೂತಿರುವ ಗಾಡಿ. ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ. ವ್ಯಾನಿನೊಳಗೇ ಎಲ್ಲವನ್ನೂ ತುರುಕಿದ್ದು ಕ್ಲಾಸ್ ಬಿ. ಫೋರ್ಡ್ ಇ-450ಯಂಥ ಚಾಸಿ ಮೇಲೆ ಕಟ್ಟಿ, ಡ್ರೈವರ್ ತಲೆಯ ಮೇಲೊಂದು ಅಟ್ಟದ ಹಾಸಿಗೆ ಇಟ್ಟದ್ದು ಕ್ಲಾಸ್ ಸಿ. ಕನ್ನಡದ ಮನೆಗಳವರು ಹೆಚ್ಚಾಗಿ ಹುಡುಕುವುದು ಈ ಮೂರನೆಯದನ್ನು. ಕಾರಣ ಊಹಿಸುವುದು ಕಷ್ಟವಲ್ಲ. ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮನಿಗೆ ಯೆಲ್ಲೊಸ್ಟೋನ್ ತೋರಿಸಬೇಕು. ಅಮ್ಮನಿಗೆ ಹೊರಗಿನ ಊಟ ಒಗ್ಗುವುದಿಲ್ಲ, ಅಪ್ಪನಿಗೆ ಗಂಟೆಗೊಮ್ಮೆ ಬಾತ್‌ರೂಮ್ ಬೇಕು. ಮೋಟರ್‌ಹೋಮ್ ಇದ್ದರೆ ಅನ್ನ ಸಾರು ಮಾಡಿಕೊಂಡು ಸಾವಿರ ಮೈಲಿ ಹೋಗಿಬರಬಹುದು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ಉದ್ದದವರೆಗೆ ಮಾಮೂಲಿ ಕಾರಿನ ಲೈಸೆನ್ಸೇ ಸಾಕು. (ಇದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎನ್ನುವುದನ್ನು ಹಿಂದಿನ ಕಾರಿನವರನ್ನು ಕೇಳಬೇಕು.) ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಟ್ಟರೆ ಒಳ್ಳೆಯ ಮೈಲೇಜು.

ಹೊಸದನ್ನು ಕೊಂಡರೆ ಮೊದಲ ವರ್ಷವೇ ಸುಮಾರು ಐದನೇ ಒಂದು ಪಾಲು ಬೆಲೆ ಬಿದ್ದುಹೋಗುತ್ತದೆ. ಹಾಗಾಗಿ ಲೆಕ್ಕ ಗೊತ್ತಿದ್ದವರು ಹಳೆಯದಕ್ಕೇ ಹೋಗುತ್ತಾರೆ. ಆದರೆ ಹಳೆಯದಕ್ಕೆ ಇಂತಿಷ್ಟೇ ಎಂಬ ಬೆಲೆಯಿಲ್ಲ. ಜೆ.ಡಿ. ಪವರ್ ಸಂಸ್ಥೆಯ ದರಪಟ್ಟಿ ಇದೆ. ಹಳಬರು ಇನ್ನೂ ಅದನ್ನು ‘ನಾಡಾ’ ಎಂದೇ ಕರೆಯುತ್ತಾರೆ. ಅದರಲ್ಲಿ ‘ಆವರೇಜ್ ರಿಟೇಲ್’, ‘ಲೋ ರಿಟೇಲ್’ ಎಂದು ಎರಡು ಅಂಕಿ. ಮಾರುವವನು ಮೊದಲನೆಯದನ್ನು ತೋರಿಸುತ್ತಾನೆ, ಕೊಳ್ಳುವವನು ಎರಡನೆಯದಕ್ಕೆ ಜೋತುಬೀಳುತ್ತಾನೆ. ಇದಕ್ಕಿಂತ ಹ್ಯೂಸ್ಟನ್ನಿನ ಪಿಪಿಎಲ್ ಮೋಟರ್‌ಹೋಮ್ಸ್‌ನವರ ಪಟ್ಟಿ ಮೇಲು. ಬೇರೆಯವರ ಗಾಡಿಗಳನ್ನು ಮಾರಿಕೊಡುವ ಆ ಅಂಗಡಿ, ಯಾವ ಗಾಡಿ ಕೊನೆಗೆ ಎಷ್ಟಕ್ಕೆ ಹೋಯಿತು ಎಂಬುದನ್ನೇ ಪ್ರಕಟಿಸುತ್ತದೆ. ಕೇಳುವ ಬೆಲೆ ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದಲ್ಲ!

ಈಗಿನ ಮಾರುಕಟ್ಟೆ ಅರ್ಥವಾಗಬೇಕಾದರೆ ಕೊರೊನಾ ಕಾಲವನ್ನು ನೆನೆಯಬೇಕು. ವಿಮಾನ, ಹೋಟೆಲು ಬೇಡವೆಂದು ಜನ ಆರ್‌ವಿಗಳಿಗೆ, ಎಂದರೆ ಇಂಥ ಮನೆಗಾಡಿಗಳಿಗೆ, ಮುಗಿಬಿದ್ದರು. 2021ರಲ್ಲಿ ಮೋಟರ್‌ಹೋಮ್ ಮತ್ತು ಎಳೆದೊಯ್ಯುವ ಟ್ರೈಲರ್ ಎಲ್ಲ ಸೇರಿ 6 ಲಕ್ಷ ಆರ್‌ವಿಗಳು ಕಾರ್ಖಾನೆಗಳಿಂದ ಹೊರಬಿದ್ದವು. ಅದು ದಾಖಲೆ. ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದಲ್ಲಿ, ಅದರಲ್ಲೂ ಎಲ್ಕ್‌ಹಾರ್ಟ್ ಸುತ್ತಮುತ್ತ. ಅವಸರದಲ್ಲಿ ಕಟ್ಟಿದ ಆ ಗಾಡಿಗಳ ಕಸುಬುಗಾರಿಕೆ ಬಗ್ಗೆ ಮೆಕ್ಯಾನಿಕ್ಕುಗಳು ಒಳ್ಳೆಯ ಮಾತಾಡುವುದಿಲ್ಲ. 2023ಕ್ಕೆ ಬರುವಷ್ಟರಲ್ಲಿ ಕಾರ್ಖಾನೆಗಳಿಂದ ಹೊರಬೀಳುವ ಆರ್‌ವಿಗಳ ಸಂಖ್ಯೆ 3.13 ಲಕ್ಷಕ್ಕೆ ಇಳಿಯಿತು, ಹಳೆಯವುಗಳ ಬೆಲೆಯೂ ಜಾರಿತು. ಆದರೆ ಸಾಲ ಜಾರಲಿಲ್ಲ. ಆರ್‌ವಿ ಸಾಲದ ಕಂತು 15, 20 ವರ್ಷದವರೆಗೂ ಎಳೆಯುತ್ತದೆ. ಏರಿದ ಬೆಲೆಗೆ ಕೊಂಡವನು ಇವತ್ತು ಮಾರಿದರೆ ಬರುವ ದುಡ್ಡಿಗಿಂತ ಬ್ಯಾಂಕಿಗೆ ಕಟ್ಟಬೇಕಾದ್ದೇ ಹೆಚ್ಚು. ಅಂಥವನ ಹತ್ತಿರ ಎಷ್ಟು ಗುದ್ದಾಡಿದರೂ ಒಂದು ಅಂಕಿಗಿಂತ ಕೆಳಗೆ ಇಳಿಯುವುದಿಲ್ಲ. ಅದು ಅವನ ಹಟವಲ್ಲ, ಬ್ಯಾಂಕಿನ ಬಾಕಿ. ಆದ್ದರಿಂದ ಬೆಲೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ: ಟೈಟಲ್, ಎಂದರೆ ಗಾಡಿಯ ಮಾಲೀಕತ್ವದ ಪತ್ರ, ನಿಮ್ಮ ಕೈಯಲ್ಲಿದೆಯೋ, ಬ್ಯಾಂಕಿನಲ್ಲಿದೆಯೋ? ಕೈಯಲ್ಲಿದೆ ಎಂದರೆ ಮಾತಿಗೆ ಜಾಗವಿದೆ.

ನಮ್ಮವರ ಒಂದು ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಜಾಹೀರಾತು ನೋಡಿದ ತಕ್ಷಣ ‘ಲಾಸ್ಟ್ ಪ್ರೈಸ್ ಎಷ್ಟು’ ಎಂದು ಮೆಸೇಜ್ ಹಾಕುವುದು, ಇಲ್ಲವೇ ಹೇಳಿದ್ದರಲ್ಲಿ ಅರ್ಧಕ್ಕೆ ಕೇಳುವುದು. ಅಮೆರಿಕದ ಮಾರುವವರು ಅಂಥ ಮೆಸೇಜಿಗೆ ಉತ್ತರವನ್ನೇ ಕೊಡುವುದಿಲ್ಲ. ಅಲ್ಲಿ ಬೆಲೆ ಇಳಿಯಬೇಕಾದರೆ ಕಾರಣ ಬೇಕು. ಕಾರಣ ಸಿಗುವುದು ಗಾಡಿಯಲ್ಲೇ.

ಒಂದು ವ್ಯಾಪಾರವನ್ನು ನಾನು ಹತ್ತಿರದಿಂದ ನೋಡಿದೆ. ಪರಿಚಯದ ಮೈಸೂರು ಕಡೆಯ ದಂಪತಿ ಅರಿಜೋನಾದ ಮೆಸಾದಲ್ಲಿ 2014ರ ಮಾಡೆಲ್ಲಿನ ಕ್ಲಾಸ್ ಸಿ ಗಾಡಿ ನೋಡಲು ಹೋದಾಗ ನನ್ನನ್ನೂ ಕರೆದರು. ಮಾಲೀಕ ಎಪ್ಪತ್ತು ದಾಟಿದ ಯಜಮಾನ. ಕೇಳಿದ್ದು 46,000 ಡಾಲರ್. ಗಂಡ ಎಂಜಿನ್ ಬಾನೆಟ್ ಎತ್ತಿ ನಿಂತರು. ಹೆಂಡತಿ ಒಳಗೆ ಹೋದವರೇ ಮೊದಲು ಮೂಗು ಏರಿಸಿದರು. ಮೂರು ಕಡೆ ಏರ್‌ಫ್ರೆಶ್‌ನರ್ ತೂಗಿಬಿಟ್ಟಿತ್ತು. ಇಷ್ಟೊಂದು ಘಮಘಮ ಯಾಕೆ ಎಂಬ ಅನುಮಾನದಲ್ಲೇ ಅಟ್ಟದ ಹಾಸಿಗೆ ಸರಿಸಿ ಮೂಲೆಯ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿದರು. “ರೀ, ಇಲ್ಲಿ ಬನ್ನಿ, ಒತ್ತಿ ನೋಡಿ. ಮೆತ್ತಗಿದೆ.”

ಮೋಟರ್‌ಹೋಮ್‌ನ ಶತ್ರು ಕಿಲೋಮೀಟರ್ ಅಲ್ಲ, ನೀರು. ಚಾವಣಿಯ ರಬ್ಬರ್ ಹಾಳೆ, ಕಿಟಕಿ, ಏಣಿ, ಗಾಳಿಗಂಡಿ ಎಲ್ಲದರ ಸುತ್ತ ಮೆತ್ತಿದ ಸೀಲಂಟ್ ಬಿರುಕು ಬಿಟ್ಟರೆ ಮಳೆ ಒಳಗಿನ ಪ್ಲೈವುಡ್‌ಗೆ ಇಳಿಯುತ್ತದೆ. ಹೊರಗಿನ ಫೈಬರ್‌ಗ್ಲಾಸ್ ಗುಳ್ಳೆಯೇಳುವ ಹೊತ್ತಿಗೆ ಒಳಗೆ ಅರ್ಧ ಕೊಳೆತಿರುತ್ತದೆ. ಕ್ಲಾಸ್ ಸಿಯಲ್ಲಿ ಮೊದಲು ಸೋರುವುದೇ ಡ್ರೈವರ್ ತಲೆಯ ಮೇಲಿನ ಆ ಮೂಲೆ. ಗಂಡ ಏಣಿ ಹತ್ತಿ ನೋಡಿದರು. ಮುಂಭಾಗದ ಕೂಡುಗೆರೆಯಲ್ಲಿ ಸೀಲಂಟ್ ಒಣಗಿ ಚಕ್ಕೆ ಎದ್ದಿತ್ತು.

ಆಮೇಲೆ ಟೈರು. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ಪ್ರಾಯ ಹೇಳುತ್ತಾರಲ್ಲ, ಹಾಗೆ ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ ವಯಸ್ಸು ಹೇಳಬಹುದು. ಇದರಲ್ಲಿ 1115 ಎಂದಿತ್ತು. ಎಂದರೆ 2015ರ ಹನ್ನೊಂದನೇ ವಾರ. ಟ್ರೆಡ್ ಹೊಚ್ಚಹೊಸದರಂತಿದ್ದರೂ ಆರೇಳು ವರ್ಷ ದಾಟಿದ ಟೈರನ್ನು ಬದಲಿಸಲೇಬೇಕು, ಇಂಥ ಭಾರದ ಗಾಡಿಯ ಟೈರು ಹೆದ್ದಾರಿಯಲ್ಲಿ ಸಿಡಿದರೆ ಕಥೆ ಮುಗಿಯಿತು. ಅಂಥವು ಆರು. ಇನ್ನು ಜನರೇಟರ್. “ಬರೀ 61 ಗಂಟೆ ಓಡಿದೆ” ಎಂದು ಯಜಮಾನರು ಹೆಮ್ಮೆಯಿಂದ ಮೀಟರ್ ತೋರಿಸಿದರು. ಕೊಳ್ಳುವವರಿಗೆ ಅದು ಹೊಗಳಿಕೆಯಲ್ಲ. ಓನಾನ್ ಕಂಪನಿಯ ಈ ಜನರೇಟರನ್ನು ತಿಂಗಳಿಗೊಮ್ಮೆಯಾದರೂ ಲೋಡ್ ಹಾಕಿ ಓಡಿಸದಿದ್ದರೆ ಪೆಟ್ರೋಲ್ ಕಾರ್ಬುರೇಟರ್‌ನಲ್ಲಿ ಅಂಟಾಗಿ ಕೂರುತ್ತದೆ. ಹತ್ತಿರ ಹತ್ತು ವರ್ಷದಲ್ಲಿ 61 ಗಂಟೆ ಎಂದರೆ ಅದು ಮಲಗಿಯೇ ಇತ್ತು.

ಫ್ರಿಜ್ ಮಾತ್ರ ಪಾಸಾಯಿತು. ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಆ ಬಗೆಯ ಫ್ರಿಜ್ ತಣ್ಣಗಾಗಲು ತುಂಬ ಗಂಟೆ ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಆನ್ ಮಾಡಿಡಿ ಎಂದು ಹೆಂಡತಿ ಫೋನಿನಲ್ಲಿ ಹೇಳಿದ್ದರು. ಎಂಜಿನ್ ಮಾತ್ರ ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದೂ ಹೇಳಿದ್ದರು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ಅದರ ನಿಜವಾದ ದನಿ ಕೇಳುವುದು.

ಊಟದ ಮೇಜಿಗೆ ಕೂತಾಗ ಗಂಡ 30,000 ಎಂದು ಬಾಯಿ ತೆರೆಯುವುದರಲ್ಲಿದ್ದರು. ಹೆಂಡತಿ ಕಾಲು ತುಳಿದರು. ಪರ್ಸಿನಿಂದ ಕಾಗದ ತೆಗೆದು ಬರೆದರು: ಆರು ಟೈರು 1,500, ಎರಡು ಬ್ಯಾಟರಿ 300, ಜನರೇಟರ್ 700, ಮೂಲೆ ಬಿಚ್ಚಿ ಕಟ್ಟಿ ಚಾವಣಿಗೆ ಸೀಲಂಟ್ ಹಾಕಲು 5,000. ಒಟ್ಟು 7,500. ಕಾಗದವನ್ನು ಯಜಮಾನರ ಕಡೆ ತಿರುಗಿಸಿ ಸುಮ್ಮನೆ ಕೂತರು. ಆ ಮೌನ ಮುರಿಯಲು ಗಂಡ ಪಡುತ್ತಿದ್ದ ಚಡಪಡಿಕೆ ನನಗೆ ಕಾಣುತ್ತಿತ್ತು. ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು, ಹೊರಗೆ ಹೋಗಿ ಟೈರಿನ ಅಂಕಿ ತಾವೇ ನೋಡಿಬಂದರು. 42,000 ಅಂದರು. ಇವರು ಕೈಕುಲುಕಿ ಎದ್ದು ಬಂದುಬಿಟ್ಟರು. ಎರಡು ದಿನ ಬಿಟ್ಟು ಅವರದೇ ಫೋನು. 38,500ಕ್ಕೆ ಕುದುರಿತು. ನೀರಿನ ಪೈಪು, ಟ್ಯಾಂಕ್ ಖಾಲಿ ಮಾಡುವ ಪೈಪು, ಗಾಡಿ ಸಮಮಾಡುವ ದಿಮ್ಮಿಗಳು ಕೊಸರು. ಹೊಸದಾಗಿ ಕೊಂಡರೆ ಅವಕ್ಕೇ ನೂರಾರು ಡಾಲರ್.

ಅದು ಏಪ್ರಿಲ್ ತಿಂಗಳು ಎಂಬುದನ್ನೂ ಹೇಳಬೇಕು. ಚಳಿಗೆ ಹೆದರಿ ಅರಿಜೋನಾಕ್ಕೆ ಬರುವ ನಿವೃತ್ತರು ಬೇಸಿಗೆಗೆ ಮುಂಚೆ ಉತ್ತರಕ್ಕೆ ಹೊರಡುವಾಗ, ಇನ್ನು ಸಾಕು ಎನ್ನುವವರು ಗಾಡಿ ಮಾರಿ ಹೋಗುತ್ತಾರೆ. ಮಿನ್ನೆಸೋಟಾ, ಮಿಷಿಗನ್ ಕಡೆಯಾದರೆ ಉಲ್ಟಾ. ಹಿಮ ಬೀಳುವ ಮುಂಚೆ ಅಕ್ಟೋಬರಿನಲ್ಲಿ ಮಾರುವವರಿಗೆ ಅವಸರ.

ಡೀಲರ್ ಹತ್ತಿರ ಹೋದರೆ ಆಟವೇ ಬೇರೆ. ಅವನು ಬೆಲೆ ಹೇಳುವುದೇ ಇಲ್ಲ, ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ’ ಎನ್ನುತ್ತಾನೆ. 20 ವರ್ಷಕ್ಕೆ ಹಂಚಿದರೆ ಎಂಥ ಬೆಲೆಯೂ ಅಗ್ಗವೇ. ಜೊತೆಗೆ ಡಾಕ್ಯುಮೆಂಟ್ ಫೀ, ಪ್ರೆಪ್ ಫೀ, ವಿಸ್ತರಿಸಿದ ವಾರಂಟಿ. ಕಂತಿನ ಮಾತಿಗೆ ಸಿಕ್ಕಿಕೊಳ್ಳದೆ, ಎಲ್ಲ ಸೇರಿ ಗೇಟು ದಾಟುವಾಗ ಕೊಡಬೇಕಾದ ಒಟ್ಟು ಮೊತ್ತ ಬರೆದುಕೊಡಿ ಎಂದು ಪಟ್ಟುಹಿಡಿಯಬೇಕು. ಗಾಡಿಯ ಗುರುತು ಸಂಖ್ಯೆಯಾದ ವಿಐಎನ್‌ನ ಹತ್ತನೇ ಅಕ್ಷರವನ್ನೂ ನೋಡಿ. ಅದು ಚಾಸಿಯ ವರ್ಷ ಹೇಳುತ್ತದೆ. 2016ರ ಮೋಟರ್‌ಹೋಮ್ ಎಂದು ಮಾರುವುದರ ಅಡಿಯಲ್ಲಿ 2015ರ ಚಾಸಿ ಇರುವುದು ಮಾಮೂಲು. ಅದೇ ಸಂಖ್ಯೆಯನ್ನು ವಿಮಾ ಕಂಪನಿಗಳ ಒಕ್ಕೂಟ ಎನ್ಐಸಿಬಿಯ ತಾಣದಲ್ಲಿ ಹಾಕಿದರೆ ಕಳವಿನದೋ, ಗುಜರಿ ದಾಖಲೆಯದೋ ಎಂಬುದು ಪುಕ್ಕಟೆಯಾಗಿ ಗೊತ್ತಾಗುತ್ತದೆ. ಚಂಡಮಾರುತದ ನೆರೆಯಲ್ಲಿ ಮುಳುಗಿದ ಗಾಡಿ ತೊಳೆದು ಬಳಿದು ಬೇರೆ ರಾಜ್ಯಕ್ಕೆ ಬರುವುದು ಅಪರೂಪವಲ್ಲ.

ಉದ್ದದ ಆಸೆಗೂ ಬೀಳಬೇಡಿ. ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ‘ಗೋಯಿಂಗ್ ಟು ದ ಸನ್’ ರಸ್ತೆಯ ಎತ್ತರದ ಭಾಗಕ್ಕೆ 21 ಅಡಿ ಮೀರಿದ ಗಾಡಿಯನ್ನು ಬಿಡುವುದೇ ಇಲ್ಲ. ದೊಡ್ಡದು ಸೋವಿಗೆ ಸಿಕ್ಕಿತು ಎಂದು ತಂದು, ನಿಲ್ಲಿಸಲು ಜಾಗವಿಲ್ಲದೆ ಸ್ಟೋರೇಜಿಗೆ ತಿಂಗಳ ಬಾಡಿಗೆ ಕಟ್ಟುವವರು ಬಹಳ ಮಂದಿ.

ಕೊಳ್ಳುವ ಯೋಚನೆ ಇರುವವರು ಮೊದಲು ಅಂಥದೇ ಗಾಡಿಯನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಟಾಯ್ಲೆಟ್ಟಿನದೆಲ್ಲ ತುಂಬುವ ಬ್ಲ್ಯಾಕ್ ಟ್ಯಾಂಕನ್ನು ನೀವೇ ಖಾಲಿ ಮಾಡಿ. ಅದಾದ ಮೇಲೂ ಆಸೆ ಉಳಿದಿದ್ದರೆ ಆರ್‌ವಿ ಇನ್‌ಸ್ಪೆಕ್ಟರುಗಳ ಸಂಘ ಎನ್ಆರ್‌ವಿಐಎಯ ಪ್ರಮಾಣಪತ್ರವಿರುವವರಿಗೆ ಸಾವಿರ ಡಾಲರ್ ಆಸುಪಾಸು ಕೊಟ್ಟು ಗಾಡಿ ತೋರಿಸಿ, ದುಡ್ಡು ಮತ್ತು ಟೈಟಲ್ ಕೈ ಬದಲಾಯಿಸುವುದನ್ನು ಬ್ಯಾಂಕಿನೊಳಗೇ ಮಾಡಿ. ಚೌಕಾಸಿಯಲ್ಲಿ ಉಳಿಸಿದ ದುಡ್ಡನ್ನು ಹಾಗೇ ಎತ್ತಿಡಿ, ಮೊದಲ ವರ್ಷದ ರಿಪೇರಿಗೆ ಅದು ಬೇಕಾಗುತ್ತದೆ.