ಕೆರೆಯಲ್ಲಿ ಬೆಳೆದ ರೋಹು ಅಲ್ಲೇಕೆ ಮೊಟ್ಟೆಯಿಡದು?

ಉತ್ತರ ಭಾರತದ ಮಹಾನದಿಗಳ ಮೂಲದ ರೋಹು ಮೀನು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಗೆ ಪ್ರೌಢವಾಗುತ್ತದೆ. ಕೆರೆಯಲ್ಲಿಯೂ ಹೆಣ್ಣಿನ ಅಂಡಾಶಯದಲ್ಲಿ ತತ್ತಿಗಳು ಬಲಿಯುತ್ತವೆಯಾದರೂ, ಅವು ಹೊರಬೀಳಲು ಮುಂಗಾರಿನ ನೆರೆ, ಹರಿಯುವ ಹೊಸನೀರು, ಅದು ಹರಡಿಕೊಳ್ಳುವ ಆಳವಿಲ್ಲದ ಬಯಲು ಇವೆಲ್ಲ ಕೂಡಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸಬೇಕು. ನಿಂತ ನೀರಿನಲ್ಲಿ ಆ ಪ್ರಚೋದನೆ ದೊರೆಯದಿರುವುದರಿಂದ ತತ್ತಿಗಳು ಒಡಲಲ್ಲೇ ಕರಗಿಹೋಗುತ್ತವೆ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿಯ ಸಾರವನ್ನು ಮೀನಿಗೆ ಚುಚ್ಚಿ ಈ ಕೊರತೆಯನ್ನು ತುಂಬಿದರು. ಭಾರತದ ಮೀನು ಸಾಕಣೆಯ ದಿಕ್ಕನ್ನೇ ಬದಲಿಸಿದ ಕೆಲಸವಿದು. ಕರ್ನಾಟಕದ ಕೆರೆಗಳಿಗೆ ಇಂದು ಬಿಡುವ ರೋಹು ಮರಿಗಳಲ್ಲಿ ಬಹುಪಾಲು ಹುಟ್ಟುವುದು ಇಂಥ ಪ್ರೇರಿತ ಸಂತಾನೋತ್ಪತ್ತಿಯಿಂದಲೇ.